ಪರಮಾಣು ಬೀಜದ ನಾದವನ್ನರಸಿ

ಒಂದು ಬೇಸಗೆಯ ಮುಂಜಾನೆ ಟಿಳಕವಾಡಿಯ ಎರಡನೆಯ ರೇಲ್ವೆ ಗೇಟು ಮುಚ್ಚಿತ್ತು. ಗಾಡಿ ಬರುವ ತನಕ ನಿಂತು ಬೇಸತ್ತವರು ಅತ್ತಿತ್ತ ಕಣ್ಣಾಡಿಸುವುದು ಲೋಕರೂಢಿ. ಹಾಗೆ ನೋಡುತ್ತಿರುವಾಗ, ರಸ್ತೆಯ ಮಗ್ಗುಲಲ್ಲಿ ಒಬ್ಬ ಮುದುಕಿ ಖಾನಾಪುರದ ಗಡಿಗೆ, ಹರವಿಗಳನ್ನು ಹುಲ್ಲಿನ ಮೇಲೆ ಸಾಲಾಗಿ ಹೊಂದಿಸಿಕೊಂಡು ಕುಳಿತಿದ್ದುದು ಕಣ್ಣಿಗೆ ಬಿದ್ದಿತು. ಮನೆಯಲ್ಲಿ ನೀರಿನ ಹರವಿ ಒಡೆದು ಎರಡು ದಿನಗಳಾಗಿದ್ದುವು. ಹತ್ತಿರ ಹೋಗಿ ಒಂದನ್ನು ಕೈಯಲ್ಲಿ ಹಿಡಿದು, “ಅವ್ವಾ, ಇದು ಗಟ್ಟಿ ಅದ ಏನು?” ಎಂದು ಕೇಳಿದೆ.

“ನನ್ನ ಯಾಕ ಕೇಳ್ತೀರಿ, ಸಾಹೇಬ್ರ? ಅದನ್ನ ಕೇಳ್ರಿ. ಬಾರಿಸಿ ನೋಡ್ರಿ, ಸಪ್ಪಳ ಸುಳ್ಳು ಹೇಳೂದಿಲ್ಲ” ಎಂದಳು ಮುದುಕಿ.

ಹೇಳಿ ಸುಮ್ಮನಾಗದೆ ತಾನೇ ಬೆರಳ ಗೆಣ್ಣಿನಿಂದ ಮೂರು ಹರವಿಗಳನ್ನು ತಟ್ಟಿ ತೋರಿಸಿದಳು. ಮೊದಲನೆಯದು ‘ಠಣ್’ ಎಂದು ಗಂಟೆಯಂತೆ ನುಡಿಯಿತು. ಎರಡನೆಯದರ ದನಿ ದಪ್ಪಗೆ, ಮಂದವಾಗಿತ್ತು. ಅದು ಆವಿಗೆಯಲ್ಲಿ ಸರಿಯಾಗಿ ಬೆಂದಿರಲಿಲ್ಲ. ಮೂರನೆಯದು ನೋಡಲು ಎಲ್ಲಕ್ಕಿಂತ ಚೆಲುವಾಗಿದ್ದರೂ ತಟ್ಟಿದೊಡನೆ ಗರಗರ ಎಂದಿತು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳಿಸಿತ್ತು. ಮುದುಕಿ ಮಾತಿಲ್ಲದೆ ಅದನ್ನು ಹಿಂದಕ್ಕೆ ಸರಿಸಿದಳು.

ಗಾಡಿ ಹೋಯಿತು, ಗೇಟು ತೆರೆಯಿತು, ಹರವಿ ಮನೆ ಸೇರಿತು. ಆದರೆ ಮುದುಕಿಯ ಮಾತು ಮನಸ್ಸಿನಿಂದ ಹೋಗಲಿಲ್ಲ. ಒಳಗನ್ನು ಒಡೆದು ನೋಡದೆ, ತಟ್ಟಿ ಕೇಳಿ ತಿಳಿಯುವುದು ಮನುಷ್ಯನ ಅತ್ಯಂತ ಪುರಾತನವಾದ ವಿದ್ಯೆಗಳಲ್ಲೊಂದು. ಗೃಹಿಣಿ ತೆಂಗಿನಕಾಯಿಯನ್ನು ತಟ್ಟುತ್ತಾಳೆ, ವೈದ್ಯ ರೋಗಿಯ ಎದೆಯನ್ನು ತಟ್ಟುತ್ತಾನೆ. ಇದೇ ವಿದ್ಯೆಯನ್ನು ಕಳೆದ ಎಂಬತ್ತು ತೊಂಬತ್ತು ವರ್ಷಗಳಿಂದ ವಿಜ್ಞಾನಿಗಳು ಒಂದು ವಿಚಿತ್ರವಾದ ಗಡಿಗೆಯ ಮೇಲೆ ಪ್ರಯೋಗಿಸುತ್ತ ಬಂದಿದ್ದಾರೆ. ಅದೇ ಪರಮಾಣುವಿನ ಬೀಜ. ಅದು ನುಡಿಯುತ್ತದೆಯೇ? ನುಡಿದರೆ ಯಾವ ಸ್ವರದಲ್ಲಿ? ಆ ಸ್ವರದಿಂದ ಅದರ ಒಳಗಿನ ಗಟ್ಟಿತನವನ್ನು ಅರಿಯಬಹುದೇ? ಈ ಶೋಧದ ಕಥೆಯನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಬೀಜವೆಷ್ಟು, ಬಯಲೆಷ್ಟು?

ಪರಮಾಣುವಿನ ನಡುವೆ ಅತಿ ಸಣ್ಣದಾದ, ಆದರೆ ಅದರ ತೂಕವನ್ನೆಲ್ಲ ಬಹುಮಟ್ಟಿಗೆ ತನ್ನಲ್ಲೇ ಅಡಗಿಸಿಕೊಂಡ ಬೀಜವೊಂದಿದೆ ಎಂದು 1911ರಲ್ಲಿ ರದರ್‌ಫರ್ಡ್ ತೋರಿಸಿಕೊಟ್ಟನು. ಅದರ ಅಳತೆ ಮನಸ್ಸಿಗೆ ನಾಟಬೇಕಾದರೆ ನಮ್ಮೂರಿನ ದಾರಿಯನ್ನೇ ನೆನೆಯಬಹುದು. ಬೆಳಗಾವಿಯಿಂದ ಖಾನಾಪುರಕ್ಕೆ ಸುಮಾರು 25 ಕಿಲೋಮೀಟರು. ಸೀಸದ ಒಂದು ಪರಮಾಣುವನ್ನು ಹಿಗ್ಗಿಸಿ ಹಿಗ್ಗಿಸಿ, ಅದರ ಒಂದು ಅಂಚು ಬೆಳಗಾವಿಯನ್ನೂ ಇನ್ನೊಂದು ಅಂಚು ಖಾನಾಪುರವನ್ನೂ ಮುಟ್ಟುವಂತೆ ಮಾಡಿದೆವೆನ್ನೋಣ. ಆಗ ಅದರ ಬೀಜ ಹಾದಿಯ ನಡುವೆ ಎಲ್ಲೋ ಇಟ್ಟ, ಒಂದು ಮೀಟರು ಅಗಲದ ಒಂದು ದೊಡ್ಡ ಹರವಿಯಷ್ಟಾದೀತು. ಉಳಿದುದೆಲ್ಲ ಇಲೆಕ್ಟ್ರಾನುಗಳು ಸುಳಿದಾಡುವ ಬಯಲು.

ಈ ಹರವಿಯೊಳಗೆ 82 ಪ್ರೋಟಾನುಗಳು, 126 ನ್ಯೂಟ್ರಾನುಗಳು ಒತ್ತೊತ್ತಾಗಿ ತುಂಬಿವೆ. ಪ್ರೋಟಾನುಗಳು ಧನವಿದ್ಯುತ್ತುಳ್ಳವು, ಒಂದನ್ನೊಂದು ದೂಡುತ್ತವೆ. ಆದರೆ ಬೀಜಬಲವೆಂಬ, ಬಹಳ ಹತ್ತಿರದಲ್ಲಿ ಮಾತ್ರ ಕೆಲಸ ಮಾಡುವ ಪ್ರಬಲವಾದ ಸೆಳೆತ ಇವೆಲ್ಲವನ್ನೂ ಹಿಡಿದಿಟ್ಟಿದೆ. ಎಳೆದರೆ ಮರಳಿ ಸೇರುವ, ಒತ್ತಿದರೆ ಮರಳಿ ಉಬ್ಬುವ ಗುಣವುಳ್ಳ ಯಾವುದೇ ಪದಾರ್ಥವೂ ತಟ್ಟಿದರೆ ಕಂಪಿಸಬೇಕು. ತಂತಿ, ಚರ್ಮ, ನೀರಿನ ಹನಿ ಯಾವುದಾದರೂ ಇದಕ್ಕೆ ಹೊರತಲ್ಲ. 1930ರ ದಶಕದಲ್ಲಿ ನೀಲ್ಸ್ ಬೋರ್ ಮೊದಲಾದವರು ಬೀಜವನ್ನು ದ್ರವದ ಹನಿಯಂತೆ ಭಾವಿಸಿದಾಗಲೇ ಅದು ನಡುಗಬಹುದೆಂಬ ಕಲ್ಪನೆ ಹುಟ್ಟಿತ್ತು. ಕೇಳಿದವರು ಮಾತ್ರ ಆಗ ಯಾರೂ ಇರಲಿಲ್ಲ.

ಇಲ್ಲಿ ‘ಸಾಮೂಹಿಕ’ ಎಂಬ ಮಾತಿಗೆ ವಿಶೇಷವಾದ ಅರ್ಥವಿದೆ. ಬೀಜದೊಳಗಿನ ಒಂದು ಕಣ ಮಾತ್ರ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಜಿಗಿದರೆ ಅದು ಒಂಟಿ ಹಕ್ಕಿಯ ಕೂಗು. ಇನ್ನೂರಕ್ಕೂ ಮೇಲ್ಪಟ್ಟ ಕಣಗಳೆಲ್ಲ ಒಂದೇ ಲಯಕ್ಕೆ ಒಟ್ಟಾಗಿ ತೂಗಿದರೆ ಅದು ಭಜನೆಯ ಮೇಳ. ಹುಡುಕಬೇಕಾಗಿದ್ದದ್ದು ಈ ಮೇಳವನ್ನು.

ಕಂಪನಗಳ ಬಗೆಯನ್ನು ಕುರಿತು ಕನ್ನಡಿಗರಿಗೆ ಪರಿಚಿತವಾದ ಒಂದು ನಿದರ್ಶನವನ್ನು ಕೊಡಬಹುದು. ಸಾಮಾನ್ಯವಾದ ಡೋಲಿನ ಚರ್ಮ ನುಡಿಸುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಗಳಲ್ಲಿ ಹೇಗೆ ಹೊಂದುತ್ತವೆ? ಸರ್ ಸಿ. ವಿ. ರಾಮನ್‌ರು 1920ರಲ್ಲಿ ಶಿವಕಾಳಿ ಕುಮಾರ್ ಅವರೊಡನೆ ಈ ಪ್ರಶ್ನೆಯನ್ನೆತ್ತಿಕೊಂಡರು; ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ಮತ್ತೆ ವಿಸ್ತಾರವಾಗಿ ಬರೆದರು. ಚರ್ಮದ ನಡುವೆ ಬಳಿದ ಕಪ್ಪು ಲೇಪವು ಒಂಬತ್ತು ಬಗೆಯ ಕಂಪನಗಳನ್ನು ತಿದ್ದಿ ಐದು ಸುಸಂಗತವಾದ ಸ್ವರಗಳನ್ನಾಗಿಸುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಒಂದೇ ಚರ್ಮ ಹಲವು ಬಗೆಯಾಗಿ ಕಂಪಿಸಬಲ್ಲುದು, ಯಾವ ಬಗೆ ಎದ್ದೀತೆಂಬುದು ಎಲ್ಲಿ ಹೇಗೆ ತಟ್ಟುತ್ತೇವೆಂಬುದನ್ನು ಅವಲಂಬಿಸಿದೆ. ಈ ಎರಡು ಪಾಠಗಳು ಮುಂದಿನ ಕಥೆಗೂ ಬೇಕಾದುವು.

ಮೊದಲ ನಾದ

ಬೀಜವನ್ನು ತಟ್ಟಲು ಬೆರಳಾವುದು? ಗ್ಯಾಮಾ ಕಿರಣ ಒಂದು ಬೆರಳು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದ ಶಕ್ತಿ ಎರಡು ಮೂರು ಇಲೆಕ್ಟ್ರಾನ್ ವೋಲ್ಟು. ಬೀಜವನ್ನು ಅಲುಗಿಸಲು ಅದರ ಹಲವು ದಶಲಕ್ಷದಷ್ಟು ಶಕ್ತಿ ಬೇಕು. ದಶಲಕ್ಷ ಇಲೆಕ್ಟ್ರಾನ್ ವೋಲ್ಟನ್ನು ಎಂ.ಇ.ವಿ. ಎಂದು ಕರೆಯುವುದು ವಾಡಿಕೆ. ನಾವೂ ಹಾಗೆಯೇ ಕರೆಯೋಣ. ಶಕ್ತಿ ಹೆಚ್ಚಿದಷ್ಟೂ ಸ್ವರ ತಾರಕ್ಕೇರುತ್ತದೆಂದು ತಿಳಿದರೆ ಸಾಕು.

1937ರಲ್ಲಿ ಜರ್ಮನಿಯ ಬೋಥೆ ಮತ್ತು ಗೆಂಟ್ನರ್ ಎಂಬವರು ಲಿಥಿಯಮ್ಮಿನ ಮೇಲೆ ಪ್ರೋಟಾನುಗಳನ್ನು ಹಾಯಿಸಿ 17 ಎಂ.ಇ.ವಿ.ಯ ಗ್ಯಾಮಾ ಕಿರಣಗಳನ್ನು ಪಡೆದು, ಅವುಗಳಿಂದ ಹಲವು ಧಾತುಗಳನ್ನು ತಟ್ಟಿ ನೋಡಿದರು. ಕೆಲವು ಬೀಜಗಳು ನಿರೀಕ್ಷೆಗಿಂತ ಬಹಳ ಹೆಚ್ಚಾಗಿ ಆ ಕಿರಣವನ್ನು ಹೀರಿಕೊಂಡು ನ್ಯೂಟ್ರಾನನ್ನು ಉಗುಳಿದುವು. ಅದು ಅನುರಣನದ ಸುಳಿವಾಗಿತ್ತು. ಆದರೆ ಒಂದೇ ಸ್ವರದಿಂದ ತಟ್ಟಿದವನಿಗೆ, ಅದಕ್ಕೂ ಮೇಲೆ ಕೆಳಗೆ ಏನಿದೆ ಎಂದು ಹೇಗೆ ತಿಳಿದೀತು? ಅಷ್ಟರಲ್ಲಿ ಯುದ್ಧವೂ ಬಂದಿತು. 1944ರಲ್ಲಿ ರಷ್ಯದ ಮಿಗ್ದಲ್, ಬೀಜದೊಳಗಿನ ಪ್ರೋಟಾನುಗಳೆಲ್ಲ ಒಂದು ಕಡೆಗೂ ನ್ಯೂಟ್ರಾನುಗಳೆಲ್ಲ ಇನ್ನೊಂದು ಕಡೆಗೂ ತೂಗುವ ಕಂಪನವಿರಬೇಕೆಂದು ಲೆಕ್ಕ ಹಾಕಿ ತೋರಿಸಿದನು.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಅಮೆರಿಕದ ಸ್ಕೆನೆಕ್ಟಡಿ ಎಂಬ ಊರಿನ ಜನರಲ್ ಇಲೆಕ್ಟ್ರಿಕ್ ಪ್ರಯೋಗಶಾಲೆಯಲ್ಲಿ ಬಾಲ್ಡ್‌ವಿನ್ ಮತ್ತು ಕ್ಲೈಬರ್ ಎಂಬ ಇಬ್ಬರು ಈ ಕೆಲಸಕ್ಕೆ ಕೈಹಾಕಿದರು. ಅವರ ಬಳಿ 100 ಎಂ.ಇ.ವಿ. ಶಕ್ತಿಯ ಬೀಟಾಟ್ರಾನ್ ಯಂತ್ರವಿತ್ತು. ಅದರಲ್ಲಿ ಓಡಿದ ಇಲೆಕ್ಟ್ರಾನುಗಳು ಲೋಹಕ್ಕೆ ಬಡಿದಾಗ ಕಿರಣಗಳು ಹೊಮ್ಮುತ್ತಿದ್ದುವು. ಆದರೆ ಒಂದೇ ಶಕ್ತಿಯವಲ್ಲ, ಸೊನ್ನೆಯಿಂದ ಗರಿಷ್ಠದವರೆಗೆ ಎಲ್ಲ ಶಕ್ತಿಗಳವೂ ಕಲಸಿಕೊಂಡು. ಗಡಿಗೆಯನ್ನು ಬೆರಳಿನಿಂದ ತಟ್ಟುವ ಬದಲು ಬೊಗಸೆ ತುಂಬ ಸಣ್ಣ ದೊಡ್ಡ ಹರಳುಗಳನ್ನು ಅದರ ಮೇಲೆ ಚೆಲ್ಲಿದಂತೆ! ಯಾವ ಹರಳಿಗೆ ಗಡಿಗೆ ನುಡಿಯಿತೆಂದು ಗುರುತಿಸುವುದು ಹೇಗೆ? ಅವರು ಹಿಡಿದ ದಾರಿ ತಾಳ್ಮೆಯದು. ಗರಿಷ್ಠ ಶಕ್ತಿಯನ್ನು ಒಂದೊಂದೇ ಮೆಟ್ಟಿಲು ಏರಿಸುತ್ತ, ಪ್ರತಿ ಮೆಟ್ಟಿಲಿನಲ್ಲಿಯೂ ಹುಟ್ಟಿದ ವಿಕಿರಣವನ್ನು ಅಳೆದು, ಹೊಸ ಲೆಕ್ಕದಿಂದ ಹಳೆಯ ಲೆಕ್ಕವನ್ನು ಕಳೆಯುತ್ತ ಹೋದರು. ಉಳಿದದ್ದು ಆ ಮೆಟ್ಟಿಲಿನಲ್ಲಿ ಹೊಸದಾಗಿ ಸೇರಿದ ಹರಳುಗಳ ಫಲ.

ಹೀಗೆ ಕಳೆದು ಉಳಿದ ಅಂಕಿಗಳನ್ನು ಗೆರೆಯಾಗಿ ಎಳೆದಾಗ ಒಂದು ಗುಡ್ಡ ಎದ್ದಿತು. ಯುರೇನಿಯಮ್ಮಿನಲ್ಲಿ, ಥೋರಿಯಮ್ಮಿನಲ್ಲಿ, ಮರುವರ್ಷ ತಾಮ್ರದಲ್ಲಿ, ಇಂಗಾಲದಲ್ಲಿ, ಎಲ್ಲೆಲ್ಲಿಯೂ ಅದೇ ಬಗೆಯ ಒಂಟಿ ಗುಡ್ಡ. 1948ರಲ್ಲಿ ಗೋಲ್ಡ್‌ಹಾಬರ್ ಮತ್ತು ಟೆಲ್ಲರ್ ಇದನ್ನು ವಿವರಿಸಿದರು. ಗ್ಯಾಮಾ ಕಿರಣದ ವಿದ್ಯುತ್ ಕ್ಷೇತ್ರ ಪ್ರೋಟಾನುಗಳನ್ನು ಮಾತ್ರ ಹಿಡಿದು ದೂಡುತ್ತದೆ, ನ್ಯೂಟ್ರಾನುಗಳು ಹಿಂದುಳಿಯುತ್ತವೆ, ಬೀಜಬಲ ಇಬ್ಬರನ್ನೂ ಮರಳಿ ಎಳೆಯುತ್ತದೆ, ತೂಗಾಟ ಮೊದಲಾಗುತ್ತದೆ. ಇದಕ್ಕೆ ದೈತ್ಯ ದ್ವಿಧ್ರುವ ಅನುರಣನವೆಂದು ಹೆಸರಾಯಿತು. ‘ದೈತ್ಯ’ ಎಂದದ್ದು ಉತ್ಪ್ರೇಕ್ಷೆಯಲ್ಲ. ಪ್ರೋಟಾನು, ನ್ಯೂಟ್ರಾನುಗಳ ಎಣಿಕೆಯಿಂದಲೇ ಒಂದು ಬೀಜ ಒಟ್ಟು ಎಷ್ಟು ಕಿರಣವನ್ನು ಹೀರಬಲ್ಲುದೆಂದು ಮುಂಗಡವಾಗಿ ಲೆಕ್ಕ ಹಾಕಬಹುದು. ಭಾರವಾದ ಬೀಜಗಳಲ್ಲಿ ಆ ಲೆಕ್ಕವನ್ನು ಈ ಒಂದು ಗುಡ್ಡವೇ ಬಹುಮಟ್ಟಿಗೆ ತುಂಬಿಬಿಟ್ಟಿತು. ಎಂದರೆ, ಕಣಗಳಲ್ಲಿ ಒಂದಿಬ್ಬರಲ್ಲ, ಇಡಿಯ ಊರೇ ಹಾಡುತ್ತಿತ್ತು.

ಸಣ್ಣ ಮಗಿ ತಾರಸ್ವರದಲ್ಲಿಯೂ ದೊಡ್ಡ ಹರವಿ ಮಂದ್ರದಲ್ಲಿಯೂ ನುಡಿಯುವಂತೆ, ಬೀಜ ಹಿರಿದಾದಷ್ಟೂ ಸ್ವರ ಇಳಿಯುತ್ತದೆ. ಇಂಗಾಲದ್ದು 22–23 ಎಂ.ಇ.ವಿ.ಯ ಆಸುಪಾಸಿನಲ್ಲಿದ್ದರೆ, ತವರದ್ದು 15ರ ಸುಮಾರಿಗೆ, ಸೀಸದ್ದು 13.5ಕ್ಕೆ. ಸೀಸದ ಬೀಜ ಈ ಸ್ವರದಲ್ಲಿ ಒಂದು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆಂದರೆ, 3ರ ಮುಂದೆ 21 ಸೊನ್ನೆಗಳನ್ನಿಟ್ಟು ಎಣಿಸಬೇಕು. ಆದರೆ ಅದು ಸೆಕೆಂಡಿನ ಗಣನೆಯವರೆಗೆ ಬಾಳುವುದಿಲ್ಲ. ಒಂದೆರಡು ಸಲ ತೂಗುವಷ್ಟರಲ್ಲಿಯೇ ಆ ಶಕ್ತಿ ಕಣಕಣಗಳಲ್ಲಿ ಚೆದುರಿ, ಕಾವಾಗಿ ಹರಡಿ, ನಾದ ಅಡಗುತ್ತದೆ. ಗುಡ್ಡ ಅಗಲವಾಗಿರುವುದೂ ಇದರಿಂದಲೇ. ಅದು ಗಂಟೆಯ ‘ಠಣ್’ ಅಲ್ಲ, ಹಸಿ ಗಡಿಗೆಯ ‘ಬದ್’.

ಒಂದು ಗುಡ್ಡ ಎರಡಾದಾಗ

1958ರಲ್ಲಿ ಇನ್ನೊಂದು ಸೋಜಿಗ ಹೊರಬಿದ್ದಿತು. ಎಲ್ಲ ಬೀಜಗಳೂ ಗುಂಡಗಿಲ್ಲ, ಕೆಲವು ಸೌತೆಕಾಯಿಯಂತೆ ನೀಳವಾಗಿವೆ ಎಂದು ಆ ವೇಳೆಗೆ ತಿಳಿದಿತ್ತು. ಹಾಗಿದ್ದರೆ ಉದ್ದುದ್ದಕ್ಕೆ ತೂಗಿದಾಗ ಒಂದು ಸ್ವರವೂ ಅಡ್ಡಡ್ಡಕ್ಕೆ ತೂಗಿದಾಗ ಇನ್ನೊಂದು ಸ್ವರವೂ ಬರಬೇಕೆಂದು ಡಾನೋಸ್ ಮತ್ತು ಒಕಾಮೊಟೊ ಬೇರೆ ಬೇರೆಯಾಗಿ ಊಹಿಸಿದರು. ಫುಲರ್ ಮತ್ತು ವೈಸ್ ಎಂಬವರು ಅದೇ ವರ್ಷ ಅಂಥ ಬೀಜಗಳನ್ನು ತಟ್ಟಿ ನೋಡಿದಾಗ ಗುಡ್ಡ ನಿಜವಾಗಿಯೂ ಎರಡಾಗಿ ಒಡೆದಿತ್ತು. ಕಾಣದ ವಸ್ತುವಿನ ಆಕಾರವನ್ನು ಕಿವಿಯಿಂದ ಕಂಡಂತಾಯಿತು. ಖಾನಾಪುರದ ಮುದುಕಿ ಬಿರುಕನ್ನು ಕಂಡದ್ದೂ ಹೀಗೆಯೇ ಅಲ್ಲವೇ?

ಹಿನ್ನೆಲೆಯಲ್ಲಿ ಅಡಗಿದ್ದ ಸ್ವರ

ದ್ವಿಧ್ರುವ ಕಂಪನ ಸಿಕ್ಕಿತೆಂದ ಮೇಲೆ ಮಿಕ್ಕವೂ ಇರಬೇಕು. ಪ್ರೋಟಾನು ನ್ಯೂಟ್ರಾನುಗಳೆರಡೂ ಜೊತೆಯಾಗಿಯೇ ಚಲಿಸಿ, ಗುಂಡಗಿನ ಬೀಜ ಒಮ್ಮೆ ನೀಳವಾಗಿ ಮತ್ತೊಮ್ಮೆ ತಟ್ಟಿದ ಜೋಳದ ಹಿಟ್ಟಿನಂತೆ ಚಪ್ಪಟೆಯಾಗುವ ಚತುರ್ಧ್ರುವ ಕಂಪನ ಒಂದು. ಇಡಿಯ ಬೀಜವೇ ಉಸಿರೆಳೆದಂತೆ ಉಬ್ಬಿ, ಉಸಿರುಬಿಟ್ಟಂತೆ ಕುಗ್ಗುವ ಕಂಪನ ಇನ್ನೊಂದು. ಲೆಕ್ಕವೇನೋ ಇವೆ ಎಂದಿತು. ಆದರೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಯಾರ ಕಿವಿಗೂ ಇವು ಸ್ಪಷ್ಟವಾಗಿ ಬೀಳಲಿಲ್ಲ.

ಕಾರಣವೇನೆಂದರೆ ಬೆರಳು ತಪ್ಪಾಗಿತ್ತು. ಗ್ಯಾಮಾ ಕಿರಣ ದ್ವಿಧ್ರುವವನ್ನು ಎಷ್ಟು ಜೋರಾಗಿ ಎಬ್ಬಿಸುತ್ತದೆಂದರೆ ಮಿಕ್ಕ ಸ್ವರಗಳು ಅದರಲ್ಲಿ ಮುಳುಗಿಹೋಗುತ್ತವೆ. 1971ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಪಿಟ್ಟನ್ ಮತ್ತು ವಾಲ್ಖರ್ ಇಲೆಕ್ಟ್ರಾನುಗಳನ್ನು ಬೀಜಗಳಿಂದ ಚೆದುರಿಸಿ ನೋಡುವಾಗ, ದ್ವಿಧ್ರುವದ ಗುಡ್ಡದ ಕೆಳಮಗ್ಗುಲಲ್ಲಿ ಇನ್ನೊಂದು ಸಣ್ಣ ದಿಬ್ಬವನ್ನು ಕಂಡರು. ಮರುವರ್ಷ ಜಪಾನಿನ ಸೆಂಡೈಯಲ್ಲಿ ಫುಕುದಾ ಮತ್ತು ತೊರಿಜುಕಾ ಅದನ್ನೇ ಕಂಡರು. ಅಮೆರಿಕದ ಓಕ್ ರಿಜ್‌ನಲ್ಲಿ ಲೂಯಿಸ್ ಮತ್ತು ಬರ್ಟ್ರಾಂಡ್ ಪ್ರೋಟಾನು ಚೆದುರಿಕೆಯಲ್ಲಿಯೂ ಅದನ್ನು ಗುರುತಿಸಿದರು. ಸೀಸದಲ್ಲಿ ಅದರ ಸ್ಥಾನ 11 ಎಂ.ಇ.ವಿ.ಗೆ ತುಸು ಕೆಳಗೆ. ಬೆರಳು ಬೇರೆ ಬೇರೆಯಾದರೂ ಸ್ವರ ಒಂದೇ ಆದುದರಿಂದ, ಇದು ಯಂತ್ರದ ಗದ್ದಲವಲ್ಲ, ಬೀಜದ್ದೇ ದನಿ ಎಂಬ ನಂಬುಗೆ ಬಲಿಯಿತು.

ಈ ಪ್ರಸಂಗದಲ್ಲಿ ಯೋಚಿಸತಕ್ಕ ಅಂಶವೊಂದಿದೆ. ಇಂಥ ಪ್ರಯೋಗದಲ್ಲಿ ಕಂಪನದ ದಿಬ್ಬ ಬರಿಯ ನೆಲದ ಮೇಲೆ ನಿಂತಿರುವುದಿಲ್ಲ. ಇತರ ನೂರಾರು ಘಟನೆಗಳಿಂದಾದ ದೊಡ್ಡ ಇಳಿಜಾರಿನ ಮೇಲೆ ಅಂಟಿಕೊಂಡಿರುತ್ತದೆ. ಆ ಇಳಿಜಾರನ್ನು ‘ಹಿನ್ನೆಲೆ’ ಎಂದು ಗೆರೆ ಎಳೆದು ಕಳೆಯಬೇಕು. ಗೆರೆಯನ್ನು ಎತ್ತರಕ್ಕೆಳೆದರೆ ಇದ್ದ ದಿಬ್ಬವೂ ಮಾಯವಾಗುತ್ತದೆ. ತಗ್ಗಿಗೆಳೆದರೆ ಇಲ್ಲದ ದಿಬ್ಬ ಏಳುತ್ತದೆ. ರವಿವಾರ ಪೇಟೆಯ ಗದ್ದಲದಲ್ಲಿ ಮಾಳಿಗೆಯ ಮೇಲೆಲ್ಲೋ ಮೀಟುತ್ತಿರುವ ತಂಬೂರಿಯನ್ನು ಕೇಳಹೊರಟವನ ಕಷ್ಟ ಇದು. ಬೇಕೆಂದು ಕೇಳಿದರೆ ಎಲ್ಲೆಡೆಯೂ ತಂಬೂರಿ. ಬೇಡವೆಂದರೆ ಎಲ್ಲಿಯೂ ಇಲ್ಲ. ಆದುದರಿಂದ ಈ ಶೋಧದಲ್ಲಿ ಯಂತ್ರದ ಬಲಕ್ಕಿಂತ ಪ್ರಯೋಗಕಾರನ ಪ್ರಾಮಾಣಿಕತೆಗೆ ಹೆಚ್ಚಿನ ಪರೀಕ್ಷೆ.

ಬೀಜದ ಉಸಿರು

ಉಬ್ಬಿ ಕುಗ್ಗುವ ಕಂಪನವನ್ನು ಹಿಡಿಯುವುದು ಇನ್ನೂ ಕಠಿನವಾಯಿತು. ಸೀಸದಲ್ಲಿ ಅದರ ಸ್ವರ 14 ಎಂ.ಇ.ವಿ.ಗೆ ತುಸು ಕೆಳಗೆ, ದ್ವಿಧ್ರುವದ್ದು 13.5. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂತಿಗಳಂತೆ! ಸ್ವರದಿಂದ ಇವನ್ನು ಬೇರ್ಪಡಿಸುವಂತಿಲ್ಲ. ಆದರೆ ಬೆರಳಿನಿಂದ ಬೇರ್ಪಡಿಸಬಹುದು. ಆಲ್ಫಾ ಕಣದಲ್ಲಿ ಎರಡು ಪ್ರೋಟಾನು, ಎರಡು ನ್ಯೂಟ್ರಾನು. ಅದು ಬೀಜದೊಳಗಿನ ಇಬ್ಬರನ್ನೂ ಸಮವಾಗಿ ತಟ್ಟುತ್ತದೆ. ಒಬ್ಬರನ್ನೊಬ್ಬರಿಂದ ಅಗಲಿಸುವ ದ್ವಿಧ್ರುವ ಕಂಪನ ಅದಕ್ಕೆ ಏಳುವುದಿಲ್ಲವೆಂದೇ ಹೇಳಬಹುದು. ಅಲ್ಲದೆ ಉಸಿರಾಟದ ಕಂಪನವನ್ನೆಬ್ಬಿಸಿದ ಆಲ್ಫಾ ಕಣಗಳು ಬಹುಪಾಲು ನೇರವಾಗಿ ಮುಂದಕ್ಕೇ ಹೋಗುತ್ತವೆ. ಓರೆ ಹೆಚ್ಚಿದೊಡನೆ ಅವುಗಳ ಎಣಿಕೆ ಥಟ್ಟನೆ ಇಳಿಯುತ್ತದೆ.

ಆದರೆ ನೇರ ಮುಂದೆ ಮೂಲ ಕಿರಣಧಾರೆಯೇ ಹರಿಯುತ್ತಿರುತ್ತದೆ. ಸೂರ್ಯನ ಮಗ್ಗುಲಲ್ಲಿರುವ ನಕ್ಷತ್ರವನ್ನು ಹಗಲಿನಲ್ಲಿ ಹುಡುಕಿದಂತೆ ಆ ಧಾರೆಯ ಅಂಚಿನಲ್ಲಿಯೇ ಕೆಲವೇ ಕಣಗಳನ್ನು ಆರಿಸಿ ಹಿಡಿಯಬೇಕು. ಈ ಸಾಹಸವನ್ನು 1977ರಲ್ಲಿ ನೆದರ್ಲೆಂಡ್ಸಿನ ಗ್ರೋನಿಂಗೆನ್‌ನಲ್ಲಿ ಹರಾಕೆ ಮತ್ತು ಸಂಗಡಿಗರೂ, ಅಮೆರಿಕದ ಟೆಕ್ಸಾಸಿನಲ್ಲಿ ಯಂಗ್‌ಬ್ಲಡ್ ಮತ್ತು ಸಂಗಡಿಗರೂ ಸಾಧಿಸಿದರು. ಸಣ್ಣ ಕೋನಗಳಲ್ಲಿ ಎದ್ದು, ಓರೆಯಾದೊಡನೆ ಬಿದ್ದುಹೋಗುವ ಭಾಗವನ್ನು ಬೇರ್ಪಡಿಸಿ ಬೀಜ ಉಸಿರಾಡುತ್ತದೆಂದು ತೋರಿಸಿದರು. ಅದಕ್ಕೆ ಎರಡು ವರ್ಷ ಮೊದಲು, 1975ರಲ್ಲಿ, ಬೀಜದ ಸಾಮೂಹಿಕ ಚಲನೆಗೂ ಒಂಟಿ ಕಣಗಳ ಚಲನೆಗೂ ಇರುವ ಸಂಬಂಧವನ್ನು ತೋರಿಸಿದ ಓಗೆ ಬೋರ್, ಮೊಟ್ಟೆಲ್ಸನ್, ರೇನ್‌ವಾಟರ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತ್ತು.

ನಮ್ಮ ನಾಡಿನಲ್ಲಿ

ಇಷ್ಟೆಲ್ಲ ಪರದೇಶದ ಮಾತಾಯಿತು, ನಮ್ಮವರು ಮಾಡಿದ್ದೇನು ಎಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. 1925ರಲ್ಲಿ ತುಮಕೂರು ಜಿಲ್ಲೆಯಲ್ಲಿ ಜನಿಸಿದ ಡಾ. ರಾಜಾ ರಾಮಣ್ಣನವರ ಹೆಸರನ್ನು ಇಲ್ಲಿ ನೆನೆಯಬೇಕು. ಕಂಪನ ಮಿತಿಮೀರಿದರೆ ಬೀಜವೇ ಎರಡಾಗಿ ಸೀಳುತ್ತದೆ. ಯುರೇನಿಯಮ್ಮಿನ ವಿದಳನವೆಂದರೆ ಒಂದು ಅರ್ಥದಲ್ಲಿ ಮರಳಿ ಬಾರದ ತೂಗಾಟ. ಮುಂಬಯಿಯ ತ್ರಾಂಬೆಯಲ್ಲಿ ‘ಅಪ್ಸರಾ’ ರಿಯಾಕ್ಟರು 1956ರ ಆಗಸ್ಟ್ 4ರಂದು ನಡೆಯತೊಡಗಿತು. ಬೆಳಗಾವಿ ಅಂದಿನ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರುವುದಕ್ಕೆ ಆಗ ಇನ್ನೂ ಮೂರು ತಿಂಗಳಿದ್ದುವು. ವಿದಳನದ ಗಳಿಗೆಯಲ್ಲಿ ಹೊಮ್ಮುವ ನ್ಯೂಟ್ರಾನುಗಳನ್ನು ಅಳೆದು, ಬೀಜ ಸೀಳುವ ಬಗೆಯನ್ನು ಅರಿಯುವ ಕೆಲಸದಲ್ಲಿ ರಾಮಣ್ಣನವರೂ ಅವರ ಸಂಗಡಿಗರೂ ಹೆಸರಾದರು. ಅವರು ಪಿಯಾನೊ ನುಡಿಸುತ್ತಿದ್ದವರು. ರಾಗಪದ್ಧತಿ, ಪಾಶ್ಚಾತ್ಯಪದ್ಧತಿಗಳೆರಡರ ಸಂಗೀತರಚನೆಯನ್ನು ಕುರಿತು 1993ರಲ್ಲಿ ಗ್ರಂಥವನ್ನೇ ಬರೆದವರು. ನಾದದಲ್ಲಿ ಪಳಗಿದ ಕಿವಿಯೂ ಬೀಜವನ್ನರಿಯುವ ಬುದ್ಧಿಯೂ ಒಬ್ಬರಲ್ಲೇ ಕೂಡಿದ್ದು ನಮಗೆ ಹೆಮ್ಮೆಯ ಸಂಗತಿ. 2004ರಲ್ಲಿ ಅವರು ತೀರಿಕೊಂಡರು.

ಕಾಯ್ದ ಬೀಜಗಳ, ಗರಗರನೆ ತಿರುಗುವ ಬೀಜಗಳ ಕಂಪನವನ್ನು ಅಳೆಯುವ ಕೆಲಸ ಮುಂಬಯಿಯ ಪೆಲೆಟ್ರಾನ್ ಯಂತ್ರದಲ್ಲಿಯೂ ಕೋಲ್ಕತ್ತದ ಸೈಕ್ಲೋಟ್ರಾನಿನಲ್ಲಿಯೂ ನಡೆದುಬಂದಿದೆ. ಕೋಲ್ಕತ್ತದವರು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಕುಂಬಾರನ ತಿಗರಿಯನ್ನು ನೆನಪಿಗೆ ತರುವಂಥದು. ನಿಯಾನ್ ಅಯಾನುಗಳನ್ನು ಅಲ್ಯುಮಿನಿಯಮ್ಮಿಗೆ ಬಡಿಸಿ, ಅತಿ ವೇಗದಲ್ಲಿ ತಿರುಗುವ ವೆನೇಡಿಯಮ್ ಬೀಜಗಳನ್ನು ಅವರು ಪಡೆದರು. ತಿರುಗುವ ದ್ರವಪಿಂಡ ಮೊದಲು ಚಪ್ಪಟೆಯಾಗಿ, ವೇಗ ಒಂದು ಮಿತಿಯನ್ನು ದಾಟಿದೊಡನೆ ಹಠಾತ್ತನೆ ನೀಳವಾಗುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಗಣಿತಜ್ಞ ಯಾಕೋಬಿಯ ಲೆಕ್ಕ. ಬೇರಿಯಮ್ ಫ್ಲೋರೈಡ್ ಸ್ಫಟಿಕಗಳ ಸಾಲಿನಲ್ಲಿ ಹಿಡಿದ ಗ್ಯಾಮಾ ಕಿರಣಗಳಲ್ಲಿ ದ್ವಿಧ್ರುವದ ಗುಡ್ಡ ಒಡೆದು, ಕೆಳಗಡೆ ಚೂಪಾದ ಶಿಖರವೊಂದು ಎದ್ದಿತು. ಅದು ಆ ನೀಳಾಕಾರದ ಗುರುತು. ಆಕಾಶದ ಗೋಳಗಳಿಗಾಗಿ ಹಾಕಿದ ಲೆಕ್ಕ ಪರಮಾಣುವಿನ ಗರ್ಭದಲ್ಲಿ ಫಲಿಸಿತು.

ಇದರಿಂದ ಬಂದದ್ದೇನು?

ಬೀಜ ನಡುಗಿದರೆಷ್ಟು, ಬಿಟ್ಟರೆಷ್ಟು ಎನ್ನುವವರಿಗೆ ಉತ್ತರ ಹೇಳಬೇಕು. ಉಸಿರಾಟದ ಕಂಪನದ ಸ್ವರದಿಂದ ಬೀಜದ ಪದಾರ್ಥವನ್ನು ಒತ್ತುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಇದನ್ನು ಸೂಚಿಸುವ ಅಂಕಿ ಸುಮಾರು 240 ಎಂ.ಇ.ವಿ., ಇಪ್ಪತ್ತು ಹೆಚ್ಚು ಅಥವಾ ಕಡಿಮೆ ಎಂದು ಇಂದು ಹೆಚ್ಚಿನವರು ಒಪ್ಪುತ್ತಾರೆ. ದೊಡ್ಡ ನಕ್ಷತ್ರ ತನ್ನ ಮೇಲೆ ತಾನೇ ಕುಸಿದಾಗ ಒಳತಿರುಳು ಎಷ್ಟು ಒತ್ತಿಕೊಂಡು ಮರಳಿ ಪುಟಿಯುತ್ತದೆ ಎಂಬುದು ಈ ಅಂಕಿಯ ಮೇಲೆ ನಿಂತಿದೆ. ಆ ಪುಟಿತ ನಕ್ಷತ್ರಸ್ಫೋಟಕ್ಕೆ ಮೊದಲ ಹೆಜ್ಜೆ. ಸ್ಫೋಟದಲ್ಲಿ ಚೆದುರಿದ ಆಮ್ಲಜನಕ ನಾವು ಕುಡಿಯುವ ನೀರಿನಲ್ಲಿದೆ.

ಒಪ್ಪಿದರು ಎಂದೆನಾದರೂ ಎಲ್ಲವೂ ಸರಿಹೋಗಿದೆಯೆಂದು ಅರ್ಥವಲ್ಲ. ಜಪಾನಿನ ಒಸಾಕಾದಲ್ಲಿ ಉಮೇಶ್ ಗರ್ಗ್ ಮೊದಲಾದವರು ತವರದ ಹಲವು ಐಸೊಟೋಪುಗಳನ್ನು ಆಲ್ಫಾ ಕಣಗಳಿಂದ ತಟ್ಟಿ, 2007ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಸೀಸಕ್ಕೆ ಹೊಂದಿದ ಲೆಕ್ಕ ತವರಕ್ಕೆ ಹೊಂದಲಿಲ್ಲ. ತವರ ಇರಬೇಕಾದುದಕ್ಕಿಂತ ಮೆತ್ತಗಿತ್ತು. ಒಂದೇ ಮಣ್ಣಿನ ಎರಡು ಗಡಿಗೆಗಳು ಬೇರೆ ಬೇರೆ ಗಟ್ಟಿತನ ಹೇಳುವುದುಂಟೇ? ಸಾಮೂಹಿಕ ಕಂಪನ ಒಂಟಿ ಕಣಗಳ ಚಲನೆಯೊಡನೆ ಬೆರೆಯುವುದನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ, ಈಚಿನ ವರ್ಷಗಳಲ್ಲಿ, ಒಗಟಿನ ಗಂಟು ಬಹಳ ಸಡಿಲಾಗಿದೆ.

ಇನ್ನೊಂದು ಗಂಟು ಮಾತ್ರ ಬಿಗಿಯಾಗಿಯೇ ಉಳಿದಿದೆ. ಸೀಸದಲ್ಲಿ ನ್ಯೂಟ್ರಾನುಗಳು ಹೆಚ್ಚಾದುದರಿಂದ ಬೀಜದ ಹೊರಮೈಯಲ್ಲಿ ಅವುಗಳದೇ ಒಂದು ತೆಳುವಾದ ತೊಗಲಿರುತ್ತದೆ. ಅದರ ದಪ್ಪವನ್ನು ದ್ವಿಧ್ರುವ ಕಂಪನದಿಂದ ಊಹಿಸಬಹುದು. ತಮಿಯಿ ಮತ್ತು ಸಂಗಡಿಗರು ಒಸಾಕಾದಲ್ಲಿ ಮಾಡಿದ ಅಳತೆಯಿಂದ 2011ರಲ್ಲಿ ದೊರೆತ ಅಂಕಿ ಸುಮಾರು 0.16 ಫರ್ಮಿ. ಫರ್ಮಿ ಎಂದರೆ ಮೀಟರಿನ ಕೋಟಿ ಕೋಟಿಯ ಹತ್ತರಲ್ಲೊಂದು ಪಾಲು. ಆದರೆ ಅಮೆರಿಕದಲ್ಲಿ ಇಲೆಕ್ಟ್ರಾನುಗಳನ್ನು ಚೆದುರಿಸಿ, ಎಡಬಲಗಳ ಅತಿ ಸೂಕ್ಷ್ಮವಾದ ವ್ಯತ್ಯಾಸದಿಂದ ತೊಗಲನ್ನು ನೇರವಾಗಿ ಅಳೆದವರಿಗೆ 2021ರಲ್ಲಿ ದೊರೆತದ್ದು 0.28, ತಪ್ಪಿನ ಅಳವು 0.07. ಒಂದೇ ಸೀಸ, ಎರಡು ಮಾತು. ಈ ತೊಗಲನ್ನು ಹೊರಕ್ಕೆ ದೂಡುವ ಒತ್ತಡವೇ ನ್ಯೂಟ್ರಾನ್ ನಕ್ಷತ್ರವನ್ನು ಕುಸಿಯದಂತೆ ಹಿಡಿದಿದೆ. 2017ರ ಆಗಸ್ಟ್ 17ರಂದು ಅಂಥ ಎರಡು ನಕ್ಷತ್ರಗಳು ಒಂದಕ್ಕೊಂದು ಸುತ್ತಿ ಕೂಡಿಕೊಂಡ ಗುರುತ್ವದ ಅಲೆ ಭೂಮಿಗೆ ಮುಟ್ಟಿತು. ಅವು ಅತಿ ದೊಡ್ಡವಲ್ಲ, ಬಿಗಿಯಾಗಿ ಅಡಕವಾದವೆಂದು ಆ ಅಲೆ ಸೂಚಿಸಿತು. ಅದು ತೆಳುವಾದ ತೊಗಲಿನ ಕಡೆಗೆ ವಾಲುವ ಸಾಕ್ಷ್ಯ. ಆದರೂ ನೇರ ಅಳತೆಯನ್ನು ತಳ್ಳಿಹಾಕುವಂತಿಲ್ಲ. ಯಾರು ಗೆರೆಯನ್ನು ತಪ್ಪಾಗಿ ಎಳೆದರು, ಅಥವಾ ಯಾವ ಲೆಕ್ಕದಲ್ಲಿ ಬಿರುಕಿದೆ ಎಂಬುದು ಇನ್ನೂ ತೀರ್ಮಾನವಾಗಬೇಕು. ನಕ್ಷತ್ರವೂ ಸೀಸದ ಬೀಜವೂ ಗಾತ್ರದಲ್ಲಿ 1ರ ಮುಂದೆ 18 ಸೊನ್ನೆಗಳಷ್ಟು ಅಂತರವುಳ್ಳವು. ಆದರೂ ಒಂದರ ಸಾಕ್ಷ್ಯವನ್ನು ಇನ್ನೊಂದರಿಂದ ಪರೀಕ್ಷಿಸುವ ಕಾಲ ಬಂದಿದೆ.

ಹರವಿಯೊಳಗಿನ ಗಂಟೆ

ಕೊನೆಯದಾಗಿ ಒಂದು ಮಾತು. ದೈತ್ಯ ಅನುರಣನಗಳೆಲ್ಲ ಹುಟ್ಟುತ್ತಲೇ ಸಾಯುವ ‘ಬದ್’ ಸದ್ದುಗಳೆಂದೆ. ಹಾಗಾದರೆ ಬೀಜಕ್ಕೆ ‘ಠಣ್’ ಎಂಬ ನಾದವೇ ಇಲ್ಲವೇ? ಇದೆ. ಗುಂಡಗಿನ ಸೀಸದ ಬೀಜ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಪೇರಲ ಹಣ್ಣಿನಂತೆ ಚೂಪಾಗುವ ಸಾಮೂಹಿಕ ಕಂಪನವೊಂದಿದೆ. ಅದರ ಸ್ವರ ಮಂದ್ರವಾದದ್ದು, 2.6 ಎಂ.ಇ.ವಿ. ಅದು ಒಂದೆರಡು ತೂಗಿಗೆ ಅಡಗುವುದಿಲ್ಲ; ಸಾವಿರ ಕೋಟಿಯಷ್ಟು ಸಲ ತೂಗುವ ತನಕ ಬಾಳಿ, ಒಂದು ಗ್ಯಾಮಾ ಕಿರಣವನ್ನು ಹೊಮ್ಮಿಸಿ ಶಾಂತವಾಗುತ್ತದೆ.

ಇದನ್ನು ಎಬ್ಬಿಸಲು ಬೀಟಾಟ್ರಾನೂ ಬೇಡ, ಸೈಕ್ಲೋಟ್ರಾನೂ ಬೇಡ. ಭೂಮಿಯ ಮಣ್ಣಿನಲ್ಲೆಲ್ಲ ಪ್ರತಿ ಕಿಲೋಗ್ರಾಮಿಗೆ ಕೆಲವು ಮಿಲಿಗ್ರಾಮಿನಷ್ಟು ಥೋರಿಯಮ್ ಬೆರೆತಿದೆ. ಅದು ಮೆಲ್ಲಮೆಲ್ಲನೆ ಕ್ಷಯಿಸುತ್ತ, ಹಲವು ರೂಪಗಳನ್ನು ತಾಳಿ, ಕೊನೆಗೆ ಸೀಸವಾಗುತ್ತದೆ. ಆ ಕೊನೆಯ ಹೆಜ್ಜೆಯಲ್ಲಿ ಮೂರರಲ್ಲೊಂದು ಪಾಲು ಥ್ಯಾಲಿಯಮ್ಮಿನ ದಾರಿಯಾಗಿ ಬಂದು, ಹುಟ್ಟುವಾಗಲೇ ಈ ಕಂಪನವನ್ನು ಹೊತ್ತು ಹುಟ್ಟುತ್ತದೆ. ಸೋಡಿಯಮ್ ಅಯೊಡೈಡಿನ ಸ್ಫಟಿಕವೊಂದಿರುವ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಏನನ್ನೂ ಇಡದೆ ರಾತ್ರಿಯೆಲ್ಲ ಎಣಿಸಲು ಬಿಟ್ಟರೂ, ಗೋಡೆಯ ಇಟ್ಟಿಗೆಗಳಿಂದ ಬಂದ ಆ 2.6ರ ಶಿಖರ ಬೆಳಗಿಗೆ ಎದ್ದು ನಿಂತಿರುತ್ತದೆ.

ಎಂದಮೇಲೆ ಗೇಟಿನ ಬಳಿ ಕೊಂಡ ಹರವಿಯ ಮಣ್ಣಿನಲ್ಲಿಯೂ ಅದು ಇರಲೇಬೇಕು. ಅಡುಗೆಮನೆಯ ಮೂಲೆಯಲ್ಲಿ, ಮರಳ ಸಿಂಬಿಯ ಮೇಲೆ ಕುಳಿತು ನೀರನ್ನು ತಂಪು ಮಾಡುತ್ತಿರುವ ಆ ಹರವಿಯೊಳಗೆ, ಪ್ರತಿ ಸೆಕೆಂಡಿನಲ್ಲಿಯೂ ಎಲ್ಲೋ ಒಂದೆಡೆ ಸೀಸದ ಬೀಜವೊಂದು ಹುಟ್ಟಿ ಒಮ್ಮೆ ನುಡಿದು ಸುಮ್ಮನಾಗುತ್ತಿದೆ. ಮುದುಕಿ ತಟ್ಟಿ ಕೇಳಿದ್ದು ಮಣ್ಣಿನ ನಾದವನ್ನು. ಅದರೊಳಗೆ, ಯಾರೂ ತಟ್ಟದೆ, ಈ ಭೂಮಿ ಹುಟ್ಟಿದಂದಿನಿಂದ ನಡೆದುಬಂದಿರುವ ನಾದ ಇನ್ನೊಂದು. ಎರಡಕ್ಕೂ ಅವಳ ಮಾತು ಒಪ್ಪುತ್ತದೆ. ಸಪ್ಪಳ ಸುಳ್ಳು ಹೇಳುವುದಿಲ್ಲ. ಕೇಳುವವರು ಗೆರೆಯನ್ನು ಸರಿಯಾಗಿ ಎಳೆಯಬೇಕು, ಅಷ್ಟೆ.